ಗುರಿಗೊಂದು ಹೆಸರಿರಲಿ

ಮುಂಗಾರಿನ ಮೊದಲ ಹನಿಗಳೊಡನೆ ಶಾಲೆಗಳ ಬಾಗಿಲು ತೆರೆಯುತ್ತದೆ. ಅದರ ಬೆನ್ನಿಗೇ ಶಿಕ್ಷಕರ ಬರವಣಿಗೆಯ ಸುಗ್ಗಿಯೂ ಆರಂಭವಾಗುತ್ತದೆ. ವಾರ್ಷಿಕ ಪಾಠ ಹಂಚಿಕೆ, ಕ್ರಿಯಾಯೋಜನೆ, ಪಾಠಟಿಪ್ಪಣಿ, ದಿನಚರಿ ಎಂದು ಒಂದರ ಮೇಲೊಂದು ಪುಸ್ತಕಗಳಿಗೆ ಹೊದಿಕೆ ಹಾಕಿ, ಕೆಂಪು ಶಾಯಿಯಲ್ಲಿ ಗೆರೆ ಎಳೆದು, ಮೊದಲ ಪುಟದಲ್ಲಿ ‘ಈ ವರ್ಷದ ಗುರಿಗಳು’ ಎಂಬ ಶೀರ್ಷಿಕೆ ಬರೆಯಲಾಗುತ್ತದೆ. ಶೇಕಡಾ ನೂರು ದಾಖಲಾತಿ, ಶೇಕಡಾ ನೂರು ಹಾಜರಾತಿ, ನಿಗದಿತ ಅವಧಿಯಲ್ಲಿ ಪಠ್ಯ ಪೂರ್ಣ, ಎಲ್ಲ ಮಕ್ಕಳಲ್ಲೂ ಓದು ಬರಹದ ಸಾಮರ್ಥ್ಯದ ವೃದ್ಧಿ. ಇವುಗಳಲ್ಲಿ ಯಾವುದನ್ನು ತಾನೇ ಬೇಡವೆನ್ನಲಾದೀತು? ಆದರೆ ಓದುಗರು ಇನ್ನೊಮ್ಮೆ ನಿಧಾನವಾಗಿ ಈ ಸಾಲುಗಳ ಮೇಲೆ ಕಣ್ಣಾಡಿಸಬೇಕೆಂದು ಪ್ರಾರ್ಥಿಸುತ್ತೇನೆ. ಅವುಗಳಲ್ಲಿ ಮಗು ಎಲ್ಲಿದೆ?

ಬಿ.ಎಡ್. ತರಗತಿಯಲ್ಲಿ ನಮಗೆ ಉದ್ದೇಶಗಳನ್ನು ಬರೆಯುವ ಕ್ರಮವನ್ನು ಕಲಿಸಿದರು. ಜ್ಞಾನ, ತಿಳುವಳಿಕೆ, ಅನ್ವಯ, ಕೌಶಲ ಎಂದು ನಾಲ್ಕು ಅಂಕಣಗಳು. ಪ್ರತಿಯೊಂದರ ಕೆಳಗೂ ‘ವಿದ್ಯಾರ್ಥಿಯು ಸ್ಮರಿಸುವನು, ಗುರುತಿಸುವನು, ವಿವರಿಸುವನು’ ಎಂಬ ನಿರ್ದಿಷ್ಟೀಕರಣಗಳು. ಈ ವಿದ್ಯಾರ್ಥಿ ಯಾರೆಂಬ ಪ್ರಶ್ನೆಯನ್ನು ಯಾರೂ ಎತ್ತಲಿಲ್ಲ. ಮುಂದಿನ ಸಾಲಿನಲ್ಲಿ ಕುಳಿತು ಕೈ ಎತ್ತುವ ಮಗುವೇ? ಕಿಟಕಿಯ ಪಕ್ಕದಲ್ಲಿ ತಲೆ ತಗ್ಗಿಸಿ ಕುಳಿತಿರುವ ಮಗುವೇ? ಪಾಠಟಿಪ್ಪಣಿಯ ವಿದ್ಯಾರ್ಥಿಗೆ ಮುಖವಿಲ್ಲ, ಮನೆಯಿಲ್ಲ, ಹೆಸರಿಲ್ಲ. ಆದುದರಿಂದಲೇ ಅವನು ಎಲ್ಲವನ್ನೂ ಸ್ಮರಿಸುತ್ತಾನೆ, ಗುರುತಿಸುತ್ತಾನೆ, ವಿವರಿಸುತ್ತಾನೆ!

ನನ್ನ ವಾದ ಇಷ್ಟೇ. ಒಂದರಿಂದ ಮೂರನೆಯ ತರಗತಿಯವರೆಗೆ ಓದು ಬರಹ ಕಲಿಸುವ ಶಿಕ್ಷಕನ ವೃತ್ತಿಯ ಗುರಿಗೆ ಮಗುವಿನ ಹೆಸರಿರಬೇಕು. ಇಂಥ ಮಗು ಇಂದು ಇಷ್ಟು ಓದುತ್ತದೆ, ಇಂಥ ತಿಂಗಳೊಳಗೆ ಇಷ್ಟು ಓದಬೇಕು, ಅದಕ್ಕಾಗಿ ನಾನು ಇಂಥದ್ದನ್ನು ಮಾಡುತ್ತೇನೆ ಎಂದು ಅದು ಹೇಳಬೇಕು. ಹೆಸರಿಲ್ಲದ ಗುರಿ ಕಡತಕ್ಕೆ ಸಲ್ಲಿಸುವ ಕಪ್ಪಕಾಣಿಕೆ ಮಾತ್ರ.

ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿದವನಿಗೆ ಪ್ರಾಥಮಿಕ ಶಾಲೆಯ ಉಸಾಬರಿ ಏಕೆಂದು ಕೆಲವರು ಕೇಳಬಹುದು. ಎಂಟನೆಯ ತರಗತಿಯ ಬಾಗಿಲಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ನಿಂತು, ಒಳಗೆ ಬಂದವರನ್ನು ಕಂಡವನು ನಾನು. ಹಳಗನ್ನಡದ ಪದ್ಯವನ್ನೂ ವ್ಯಾಕರಣದ ಸಂಧಿ ಸಮಾಸಗಳನ್ನೂ ಬೋಧಿಸಬೇಕಾದ ತರಗತಿಯಲ್ಲಿ ಪ್ರತಿ ವರ್ಷವೂ ಕೆಲವು ಮಕ್ಕಳು ಒಂದು ಸರಳ ವಾಕ್ಯವನ್ನು ತಾವಾಗಿ ಓದಲಾರದೆ ಕುಳಿತಿರುತ್ತಿದ್ದರು. ಅವರು ದಡ್ಡರಾಗಿರಲಿಲ್ಲ. ಸಂತೆಯ ಲೆಕ್ಕವನ್ನು ಬಾಯಲ್ಲೇ ಮಾಡಿ ಮುಗಿಸುವವರು, ಯಕ್ಷಗಾನದ ಪ್ರಸಂಗವನ್ನು ಮಾತು ಸಹಿತ ಒಪ್ಪಿಸುವವರು ಅವರಲ್ಲಿದ್ದರು. ಅವರ ನೋಟುಪುಸ್ತಕಗಳು ಮುತ್ತು ಪೋಣಿಸಿದಂತಿರುತ್ತಿದ್ದವು. ಕರಿಹಲಗೆಯ ಮೇಲಿದ್ದುದನ್ನು ಕಾಗುಣಿತದ ಒಂದು ತಪ್ಪೂ ಇಲ್ಲದೆ ಇಳಿಸಿಕೊಳ್ಳುತ್ತಿದ್ದರು. ಅದೇ ಸಾಲನ್ನು ಓದು ಎಂದರೆ ಮೌನ. ಏಳು ವರ್ಷ ಶಾಲೆಯಲ್ಲಿ ಕಳೆದ ಮಗು ಅಕ್ಷರಗಳ ಚಿತ್ರ ಬಿಡಿಸುವುದನ್ನು ಕಲಿತಿತ್ತು. ಓದುವುದನ್ನು ಯಾರೂ ಕಲಿಸಿರಲಿಲ್ಲ. ಕಲಿಸಲಿಲ್ಲವೆಂಬುದು ಯಾರ ಗಮನಕ್ಕೂ ಬಂದಿರಲಿಲ್ಲ ಎಂಬುದೇ ಹೆಚ್ಚು ದುಃಖದ ಸಂಗತಿ.

ಈ ಸ್ಥಿತಿಗೆ ಕಾರಣ ಕೇಳಿದರೆ ದೂರಿನ ಸರಪಳಿಯೊಂದು ಬಿಚ್ಚಿಕೊಳ್ಳುತ್ತದೆ. ಕಾಲೇಜಿನವರು ಪ್ರೌಢಶಾಲೆಯನ್ನು ದೂರುತ್ತಾರೆ. ಪ್ರೌಢಶಾಲೆಯವರು ಪ್ರಾಥಮಿಕ ಶಾಲೆಯನ್ನು, ಅವರು ಅಂಗನವಾಡಿಯನ್ನು, ಅಂಗನವಾಡಿಯವರು ಕೂಲಿಗೆ ಹೋಗುವ ತಾಯಿಯನ್ನು ದೂರುತ್ತಾರೆ. ದೂರಲು ಮುಂದೆ ಯಾರೂ ಇಲ್ಲದವಳು ಆ ತಾಯಿ. ಅವಳು ಮಗುವಿನ ಬೆನ್ನಿಗೆ ಗುದ್ದಿ ಸುಮ್ಮನಾಗುತ್ತಾಳೆ. ಈ ಸರಪಳಿಯಲ್ಲಿ ಓದು ಕಲಿಸುವುದೇ ತನ್ನ ಕಸುಬೆಂದು ಸಂಬಳ ಪಡೆಯುವವರು ಒಂದು, ಎರಡು, ಮೂರನೆಯ ತರಗತಿಯ ಶಿಕ್ಷಕರು. ಇದು ಅವರ ಮೇಲಿನ ಆರೋಪವಲ್ಲ, ಅವರ ಹುದ್ದೆಯ ಘನತೆಯನ್ನು ಹೇಳುವ ಮಾತು. ವಿಶ್ವವಿದ್ಯಾಲಯದ ಪ್ರಾಧ್ಯಾಪಕನೊಬ್ಬ ವರ್ಷವಿಡೀ ರಜೆ ಹಾಕಿದರೂ ಅವನ ವಿದ್ಯಾರ್ಥಿ ಗ್ರಂಥಾಲಯದಲ್ಲಿ ಕುಳಿತು ಓದಿಕೊಂಡಾನು. ಎರಡನೆಯ ತರಗತಿಯ ಶಿಕ್ಷಕಿ ಕೈಬಿಟ್ಟ ಮಗುವಿಗೆ ಆ ಗ್ರಂಥಾಲಯದ ಬಾಗಿಲೇ ಕಾಣದು.

ಅಂಕಿ ಅಂಶಗಳನ್ನೂ ನೋಡೋಣ. ಗ್ರಾಮೀಣ ಭಾರತದ ಮನೆಮನೆಗೆ ಹೋಗಿ ಮಕ್ಕಳ ಓದನ್ನು ಪರೀಕ್ಷಿಸುವ ‘ಅಸರ್’ ಸಮೀಕ್ಷೆಯ ಪ್ರಕಾರ, ಸರ್ಕಾರಿ ಶಾಲೆಗಳ ಮೂರನೆಯ ತರಗತಿಯ ಮಕ್ಕಳಲ್ಲಿ ಎರಡನೆಯ ತರಗತಿಯ ಪಠ್ಯವನ್ನು ಓದಬಲ್ಲವರು 2022ರಲ್ಲಿ ಶೇ. 16.3 ಮಾತ್ರ. 2024ರಲ್ಲಿ ಅದು ಶೇ. 23.4ಕ್ಕೆ ಏರಿತು. ಐದನೆಯ ತರಗತಿಯಲ್ಲಿ ಇದೇ ಪಠ್ಯವನ್ನು ಓದಬಲ್ಲವರು ಶೇ. 38.5ರಿಂದ ಶೇ. 44.8ಕ್ಕೆ ಏರಿದರು. ಕೊರೋನಾ ಕಾಲದ ಕುಸಿತದಿಂದ ಮೇಲೆದ್ದುದಕ್ಕೆ ಸಂತೋಷಪಡಬೇಕು. ದುಡಿದ ಶಿಕ್ಷಕರಿಗೆ ನಮಸ್ಕರಿಸಬೇಕು. ಆದರೂ ಸರ್ಕಾರಿ ಶಾಲೆಯ ಐದನೆಯ ತರಗತಿಯಲ್ಲಿ ಕುಳಿತ ಅರ್ಧಕ್ಕಿಂತ ಹೆಚ್ಚು ಮಕ್ಕಳು ಎರಡನೆಯ ತರಗತಿಯ ಪಠ್ಯವನ್ನು ಓದಲಾರರೆಂಬುದು ಉಳಿದೇ ಇದೆ. ಶೇಕಡಾವಾರು ಎಂಬುದು ಮಂತ್ರಿಗಳಿಗೆ, ಇಲಾಖೆಗೆ, ಸಂಶೋಧಕರಿಗೆ ಉಪಯುಕ್ತವಾದ ಸಂಗತಿ. ತರಗತಿಯೊಳಗೆ ಶೇಕಡಾವಾರು ಎಂಬ ಮಗು ಬಂದು ಕೂರುವುದಿಲ್ಲ.

ಹೆಸರು ಹಿಡಿದು ಗುರಿ ಬರೆಯಿರಿ ಎಂಬ ಮಾತು ನನ್ನ ಕಲ್ಪನೆಯ ಕೂಸಲ್ಲ; ಅದು ದೇಶದ ಕಾನೂನಿನಲ್ಲಿಯೇ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಅದರ 24ನೆಯ ವಿಧಿ ಶಿಕ್ಷಕರ ಕರ್ತವ್ಯಗಳನ್ನು ಹೇಳುತ್ತದೆ. ನಿಗದಿತ ಕಾಲದೊಳಗೆ ಇಡೀ ಪಠ್ಯಕ್ರಮವನ್ನು ಮುಗಿಸಬೇಕೆಂಬುದು ಒಂದು. ಅದರ ಮರುಸಾಲಿನಲ್ಲಿಯೇ, ಪ್ರತಿಯೊಂದು ಮಗುವಿನ ಕಲಿಕೆಯ ಸಾಮರ್ಥ್ಯವನ್ನು ಅಳೆದು, ಅಗತ್ಯವಿದ್ದರೆ ಅದಕ್ಕೆ ತಕ್ಕಂತೆ ಹೆಚ್ಚುವರಿ ಬೋಧನೆ ಮಾಡಬೇಕೆಂದೂ ಇದೆ. ಗಮನಿಸಿ: ‘ಪ್ರತಿಯೊಂದು ಮಗು.’ ಈ ಎರಡು ಕರ್ತವ್ಯಗಳಲ್ಲಿ ಮೊದಲನೆಯದನ್ನು ಇಡೀ ವ್ಯವಸ್ಥೆ ಬಾಯಿಪಾಠ ಮಾಡಿಕೊಂಡಿದೆ. ಎರಡನೆಯದು ಪುಸ್ತಕದಲ್ಲಿಯೇ ಉಳಿಯಿತು. ಪಾಠ ಮುಗಿದಿದೆಯೇ ಎಂದು ಕೇಳುವ ಅಧಿಕಾರಿಗಳನ್ನು ನಾನು ಲೆಕ್ಕವಿಲ್ಲದಷ್ಟು ಕಂಡಿದ್ದೇನೆ. ಪಾಠ ಯಾರಿಗೆ ಮುಟ್ಟಿಲ್ಲ ಎಂದು ಕೇಳಿದವರನ್ನು ಬೆರಳಲ್ಲಿ ಎಣಿಸಬಹುದು. ಪಾಠ ಮುಗಿಯುವುದು ಶಿಕ್ಷಕನ ಪಾಲಿಗೆ. ಮಗುವಿನ ಪಾಲಿಗೆ ಅದು ಆರಂಭವೇ ಆಗಿಲ್ಲದಿರಬಹುದು.

ಇನ್ನು, ಕನ್ನಡವನ್ನು ಓದಲು ಕಲಿಯುವುದೆಂದರೆ ಏನೆಂಬುದನ್ನು ನಮ್ಮ ಗುರಿ ಬರೆಯುವವರು ಯೋಚಿಸಿದಂತೆ ಕಾಣುವುದಿಲ್ಲ. ವರ್ಣಮಾಲೆಯಲ್ಲಿ 49 ಅಕ್ಷರಗಳು. ಅಲ್ಲಿಗೆ ಮುಗಿಯಲಿಲ್ಲ. 34 ವ್ಯಂಜನಗಳಿಗೆ ಕಾಗುಣಿತ ಸೇರಿದರೆ ನಾನೂರಕ್ಕೂ ಹೆಚ್ಚು ರೂಪಗಳು. ಅವುಗಳ ಮೇಲೆ ಒತ್ತಕ್ಷರಗಳು. ‘ಅಕ್ಕಿ’ ಎಂಬ ಪದವನ್ನು ನೋಡಿ. ಗುಡಿಸು ಮೇಲಿನ ಅಕ್ಷರಕ್ಕೆ ಅಂಟಿಕೊಂಡಿದೆ, ಒತ್ತು ಕೆಳಗಿದೆ. ಆದರೆ ಇಕಾರದ ಉಚ್ಚಾರಣೆ ಒತ್ತಿನ ನಂತರ ಬರಬೇಕು. ಕಣ್ಣಿಗೆ ಕಂಡಂತೆ ಓದುವ ಮಗು ‘ಅಕಿಕ’ ಎನ್ನುತ್ತದೆ. ‘ಬಸ್ತಿ’ಯನ್ನು ‘ಬಸಿತ’ ಎನ್ನುತ್ತದೆ. ‘ಸೂರ್ಯ’ದಲ್ಲಿ ಅರ್ಕಾವೊತ್ತು ಬರೆಯುವುದು ಕೊನೆಗೆ, ಉಚ್ಚರಿಸುವುದು ಮೊದಲು. ಇವು ಮಗುವಿನ ತಪ್ಪುಗಳೆಂದು ಕೆಂಪು ಗೆರೆ ಎಳೆಯುವ ಮುನ್ನ, ಮಗು ತಾನು ಕಂಡುದನ್ನು ಪ್ರಾಮಾಣಿಕವಾಗಿ ಓದಿದೆ ಎಂಬುದನ್ನು ಶಿಕ್ಷಕ ತಿಳಿಯಬೇಕು. ಲಿಪಿಯ ಈ ಗುಟ್ಟನ್ನು ಯಾರಾದರೂ ಬಿಡಿಸಿ ಹೇಳುವವರೆಗೆ ಅದು ಹಾಗೆಯೇ ಓದುತ್ತದೆ.

ಕನ್ನಡ ಮಕ್ಕಳ ಆರಂಭಿಕ ಓದನ್ನು ಕುರಿತು ಸಂಶೋಧಕಿ ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ಸ್ಪಷ್ಟಪಡಿಸುತ್ತದೆ. ಇಂಗ್ಲಿಷಿನಂತಹ ವರ್ಣಮಾಲೆಗಳಿಗೆ ಹೋಲಿಸಿದರೆ ಕನ್ನಡದ ಅಕ್ಷರರೂಪಗಳು ಮಗುವಿಗೆ ಪೂರ್ಣವಾಗಿ ಮೈಗೂಡಲು ಹೆಚ್ಚು ಕಾಲ ಬೇಕು. ಈ ಕಲಿಕೆ ಮೊದಲ ಒಂದೆರಡು ತರಗತಿಗಳಲ್ಲಿ ಮುಗಿಯದೆ ಮುಂದೆಯೂ ನಡೆಯುತ್ತದೆ. ಅಂದ ಮೇಲೆ, ‘ದೀಪಾವಳಿಯೊಳಗೆ ಅಕ್ಷರ, ಸಂಕ್ರಾಂತಿಯೊಳಗೆ ಕಾಗುಣಿತ’ ಎಂಬ ಇಡೀ ತರಗತಿಗೆ ಒಂದೇ ಅಳತೆಯ ಗುರಿಗೆ ಅರ್ಥವೇನು? ನಮ್ಮ ಮೊದಲ ಪಾಠಗಳನ್ನು ರೂಪಿಸಿದವರು ಇದನ್ನು ಅರಿತವರೇ. ವರ್ಣಮಾಲೆಯ ಕ್ರಮವನ್ನು ಬಿಟ್ಟು ‘ರ ಗ ಸ ದ ಅ’ ಎಂದು ಆರಂಭಿಸಿದರು. ಆ ಐದೇ ಅಕ್ಷರಗಳಿಂದ ಮಗು ಸರ, ಅರಸ, ಅಗಸ, ಗರಗಸ ಎಂದು ಪದಗಳನ್ನು ಓದಬಲ್ಲದು. ಮೊದಲ ವಾರಗಳಲ್ಲಿಯೇ ಅಕ್ಷರ ಅರ್ಥವಾಗುತ್ತದೆ. ಅಂಥ ಕ್ರಮವನ್ನೂ ಕೆಲವೆಡೆ ನಾವು ‘ರಗಸದಅ’ ಎಂಬ ಹೊಸ ಮಂತ್ರವಾಗಿಸಿ, ಕೋರಸ್ಸಿನಲ್ಲಿ ಕೂಗಿಸಿ, ಅರ್ಥವನ್ನು ಹೊರಗಟ್ಟಿದ್ದೇವೆ.

‘ನಲಿ-ಕಲಿ’ಯ ಕಥೆಯನ್ನು ನೆನೆಯಿರಿ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ರಿಷಿವ್ಯಾಲಿಯ ಪ್ರಯೋಗದಿಂದ ಪ್ರೇರಣೆ ಪಡೆದು, ಶಿಕ್ಷಕರೇ ಕೈಯಾರೆ ಕಟ್ಟಿದ ಪದ್ಧತಿ ಅದು. 2009-10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ವಿಸ್ತರಿಸಿತು. ಪ್ರತಿ ಮಗುವಿಗೂ ಕಲಿಕಾ ಏಣಿಯ ಮೇಲೆ ತನ್ನದೇ ಮೆಟ್ಟಿಲು. ಮಗು ಮೂರು ದಿನ ಬಾರದಿದ್ದರೂ ಬಿಟ್ಟಲ್ಲಿಂದಲೇ ಮುಂದುವರಿಯಬಹುದು. ಗೋಡೆಯ ಮೇಲಿನ ಪ್ರಗತಿ ನೋಟದಲ್ಲಿ ಹೆಸರಿನ ಮುಂದೆ ಹೆಸರಿನ ಲೆಕ್ಕ. ನಾನು ಇಲ್ಲಿ ವಾದಿಸುತ್ತಿರುವುದು ಆ ಪದ್ಧತಿಯ ಹೃದಯದಲ್ಲಿಯೇ ಇತ್ತು. ಆದರೆ ಒಂದು ತಾಲ್ಲೂಕಿನ ಶಿಕ್ಷಕರ ಹುಮ್ಮಸ್ಸು ರಾಜ್ಯದ ಆದೇಶವಾದಾಗ ಎಷ್ಟೋ ಕಡೆ ಕಾರ್ಡುಗಳು ಬಂದವು, ತೋರಣ ಬಂತು, ಕುರ್ಚಿ ಮೇಜು ಬಂತು. ಮಗುವಿನ ಮೆಟ್ಟಿಲನ್ನು ದಿನವೂ ನೋಡುವ ಕಣ್ಣು ಮಾತ್ರ ಆದೇಶದೊಂದಿಗೆ ಬರಲಿಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ.

ಈಗ ಹೊಸದೊಂದು ಮಲ್ಲಿಗೆ ಬಂದಿದೆ. 2021ರ ಜುಲೈ 5ರಂದು ಆರಂಭವಾದ ‘ನಿಪುಣ್ ಭಾರತ್’ ಅಭಿಯಾನ, 2026-27ರೊಳಗೆ ಮೂರನೆಯ ತರಗತಿ ಮುಗಿಸುವ ಪ್ರತಿ ಮಗುವೂ ಅರ್ಥವರಿತು ಓದಬೇಕೆಂಬ ಗುರಿಯನ್ನಿಟ್ಟುಕೊಂಡಿತು. ಗುರಿ ಉದಾತ್ತವಾದದ್ದು, ಕೈಮುಗಿಯೋಣ. ಅಳತೆಗೋಲು ಮಾತ್ರ ನಿಮಿಷಕ್ಕೆ ಇಷ್ಟು ಪದ ಎಂಬುದಾಗಿದೆ. ಮೂರನೆಯ ತರಗತಿಯ ಕೊನೆಗೆ ನಿಮಿಷಕ್ಕೆ ಕನಿಷ್ಠ 60 ಪದ. ಯಾವ ಭಾಷೆಯ ಪದ? ‘ಹೋಗುತ್ತಿದ್ದವರಿಗೆಲ್ಲ’ ಎಂಬುದು ಕನ್ನಡದಲ್ಲಿ ಒಂದೇ ಪದ. ಇಂಗ್ಲಿಷಿನಲ್ಲಿ ಅದಕ್ಕೆ ಐದಾರು ಪದಗಳು ಬೇಕು. ಎರಡನ್ನೂ ಒಂದೇ ಗಡಿಯಾರದಿಂದ ಅಳೆದರೆ ಕನ್ನಡದ ಮಗು ಸೋಲುವುದು ಖಚಿತ. 2022ರ ಮಾರ್ಚ್‌ನಲ್ಲಿ ಎನ್.ಸಿ.ಇ.ಆರ್.ಟಿ. ನಡೆಸಿದ ಬುನಾದಿ ಕಲಿಕೆಯ ಅಧ್ಯಯನ 20 ಭಾಷೆಗಳಿಗೆ ಬೇರೆ ಬೇರೆ ಮಾನದಂಡಗಳನ್ನು ನಿಗದಿಪಡಿಸಿದ್ದೂ ಈ ವ್ಯತ್ಯಾಸ ಇರುವುದರಿಂದಲೇ. ಆದರೂ ಶಾಲೆಯ ಗೋಡೆಗೆ ಅಂಟಿಸುವ ಫಲಕದಲ್ಲಿ ಒಂದೇ ಅಂಕಿ ಮೆರೆಯುತ್ತದೆ. ಅಂಕಿಯೇ ಗುರಿಯಾದೊಡನೆ ಶಿಕ್ಷಕ ಮಗುವನ್ನು ಓಡಿಸತೊಡಗುತ್ತಾನೆ. ಓಡುವ ಮಗುವಿಗೆ ಅರ್ಥದ ಕಡೆ ನೋಡಲು ಪುರುಸೊತ್ತೆಲ್ಲಿ? ಆ ಗುರಿಯ ವಾಕ್ಯದಲ್ಲಿಯೇ ‘ಅರ್ಥವರಿತು’ ಎಂಬ ಮಾತೂ ಇದೆ; ಗಡಿಯಾರಕ್ಕೆ ಅದು ಕೇಳಿಸುವುದಿಲ್ಲ.

ಹಾಗಾದರೆ ಏನು ಮಾಡಬೇಕು? ಟೀಕಿಸಿ ಕೈತೊಳೆದುಕೊಳ್ಳುವುದು ಮೇಷ್ಟರ ಲಕ್ಷಣವಲ್ಲ, ಉತ್ತರವನ್ನೂ ಹೇಳುತ್ತೇನೆ. ಒಂದು ಸಾಮಾನ್ಯ ನೋಟುಪುಸ್ತಕ ಸಾಕು. ಒಂದು ಮಗುವಿಗೆ ಒಂದು ಪುಟ. ಮೇಲೆ ಹೆಸರು, ಮನೆಯ ಮಾತು. ಲಂಬಾಣಿ, ಉರ್ದು, ತುಳು, ತೆಲುಗು, ಕೊಂಕಣಿ ಆಡುವ ಮನೆಯಿಂದ ಬಂದ ಮಗುವಿಗೆ ಪಠ್ಯಪುಸ್ತಕದ ಕನ್ನಡವೇ ಒಂದು ಹೊಸ ಭಾಷೆಯೆಂಬುದನ್ನು ಮೊದಲ ಸಾಲಿನಲ್ಲಿಯೇ ನೆನಪಿಡಲು ಅದು ಬೇಕು. ಆಮೇಲೆ ನಾಲ್ಕು ಪ್ರಶ್ನೆಗಳು. ಈಗ ಏನನ್ನು ತಾನಾಗಿ ಓದುತ್ತದೆ? ಎಲ್ಲಿ ನಿಲ್ಲುತ್ತದೆ? ಮುಂದಿನ ಹೆಜ್ಜೆ ಯಾವುದು? ಮತ್ತೆ ಯಾವಾಗ ನೋಡುತ್ತೇನೆ? ‘ಸರಳ ಪದ ಓದುತ್ತಾಳೆ. ದೀರ್ಘದಲ್ಲಿ ನಿಲ್ಲುತ್ತಾಳೆ: ಕೆರೆಯನ್ನೂ ಕೇರಿಯನ್ನೂ ಒಂದೇ ರೀತಿ ಓದುತ್ತಾಳೆ. ಹದಿನೈದು ದಿನ ಎತ್ವ ಏತ್ವಗಳ ಜೋಡಿ ಪದಗಳು.’ ಇಷ್ಟು ಬರೆದರೆ ಅದೊಂದು ವೃತ್ತಿಪರ ಗುರಿ. ವೈದ್ಯನು ರೋಗಿಯ ಚೀಟಿಯಲ್ಲಿ ‘ಎಲ್ಲರ ಆರೋಗ್ಯ ವೃದ್ಧಿ’ ಎಂದು ಬರೆಯುತ್ತಾನೆಯೇ?

ಪರೀಕ್ಷಿಸುವ ಕ್ರಮವೂ ಸುಲಭ. ಪಾಠವನ್ನು ಮೊದಲಿನಿಂದ ಓದಿಸಬೇಡಿ. ಕಿವಿಯಲ್ಲಿ ಕೇಳಿ ಬಾಯಿಗೆ ಬಂದದ್ದನ್ನು ಮಗು ಒಪ್ಪಿಸುತ್ತದೆ, ಬೆರಳು ಬೇರೆ ಸಾಲಿನ ಮೇಲೆ ಇರುತ್ತದೆ. ನಡುವಿನಿಂದ ಒಂದು ವಾಕ್ಯವನ್ನು ತೋರಿಸಿ. ಅಥವಾ ಮಗು ಹಿಂದೆಂದೂ ನೋಡಿರದ ನಾಲ್ಕು ಸಾಲುಗಳನ್ನು ನೀವೇ ಬರೆದು ಕೊಡಿ. ಓದಿದ ಮೇಲೆ, ಇದರಲ್ಲಿ ಏನಾಯಿತು ಎಂದು ಅದರ ಮನೆಮಾತಿನಲ್ಲಿಯೇ ಹೇಳಲು ಬಿಡಿ. ಐದು ನಿಮಿಷದ ಕೆಲಸ. ಮೂವತ್ತು ಮಕ್ಕಳ ತರಗತಿಯಲ್ಲಿ ದಿನಕ್ಕೆ ಆರು ಮಕ್ಕಳಂತೆ ಅರ್ಧ ಗಂಟೆ ಕೊಟ್ಟರೆ ಐದು ದಿನಗಳಲ್ಲಿ ಎಲ್ಲರ ಸರದಿಯೂ ಮುಗಿಯುತ್ತದೆ. ಕಾಯ್ದೆಯ ಪ್ರಕಾರ ಒಂದರಿಂದ ಐದನೆಯ ತರಗತಿಗೆ ವರ್ಷಕ್ಕೆ 200 ಕೆಲಸದ ದಿನಗಳು. ಅಂದರೆ ಪ್ರತಿ ಮಗುವಿಗೂ ವರ್ಷದಲ್ಲಿ ನಲವತ್ತು ಬಾರಿ ಶಿಕ್ಷಕರ ಪಕ್ಕದಲ್ಲಿ ಕುಳಿತು ಓದುವ ಭಾಗ್ಯ. ಇದರ ಅರ್ಧದಷ್ಟು ನಡೆದರೂ ನಾನು ಕಂಡ ಎಂಟನೆಯ ತರಗತಿಯ ಮೌನ ಉಳಿಯುತ್ತಿರಲಿಲ್ಲ.

‘ಹೇಳುವುದು ಸುಲಭ ಸ್ವಾಮಿ, ಅರ್ಧ ಗಂಟೆ ಎಲ್ಲಿದೆ?’ ಎಂದು ಸೇವೆಯಲ್ಲಿರುವ ಮಿತ್ರರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಒಬ್ಬರೇ ಶಿಕ್ಷಕರು ಮೂರು ತರಗತಿಗಳನ್ನು ಒಟ್ಟಿಗೆ ಕೂರಿಸಿಕೊಂಡು, ಬಿಸಿಯೂಟದ ಲೆಕ್ಕ ಬರೆದು, ಮೊಬೈಲಿನಲ್ಲಿ ಮಾಹಿತಿ ತುಂಬಿ, ಸಭೆಗೆ ಓಡುವ ಸ್ಥಿತಿಯನ್ನು ಬಲ್ಲೆ. ಶಿಕ್ಷಣ ಹಕ್ಕು ಕಾಯ್ದೆಯ 27ನೆಯ ವಿಧಿ ದಶವಾರ್ಷಿಕ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಇವುಗಳ ಹೊರತು ಶಿಕ್ಷಕರನ್ನು ಶೈಕ್ಷಣಿಕವಲ್ಲದ ಕೆಲಸಕ್ಕೆ ಹಚ್ಚಬಾರದೆನ್ನುತ್ತದೆ. 2025ರಲ್ಲಿ ರಾಜ್ಯದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರನ್ನು ನಿಯೋಜಿಸಿ, ಅದನ್ನು ಮುಗಿಸಲೆಂದು ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ವಿಸ್ತರಿಸಲಾಯಿತು. ಸಮೀಕ್ಷೆ ಬೇಕೇ ಬೇಡವೇ ಎಂಬುದು ಬೇರೆ ಚರ್ಚೆ. ಆ ದಿನಗಳು ಯಾರ ಜೇಬಿನಿಂದ ಹೋದವು ಎಂಬುದಷ್ಟೇ ನನ್ನ ಪ್ರಶ್ನೆ. ಆರು ವರ್ಷದ ಮಗು ಧರಣಿ ಕೂರುವುದಿಲ್ಲ, ಮನವಿಪತ್ರ ಬರೆಯುವುದಿಲ್ಲ. ಎಲ್ಲರೂ ಸಾಲ ತೆಗೆಯುವುದು ಅದರ ಗಂಟೆಗಳಿಂದಲೇ.

ಈ ಕಾರಣಕ್ಕಾಗಿಯೇ ಹೆಸರಿರುವ ಗುರಿ ಶಿಕ್ಷಕನಿಗೂ ಗುರಾಣಿಯಾಗಬಲ್ಲದು. ‘ಸಮಯ ಸಾಲದು’ ಎಂಬ ದೂರಿಗೆ ಯಾರೂ ಕಿವಿಗೊಡುವುದಿಲ್ಲ. ‘ನನ್ನ ತರಗತಿಯಲ್ಲಿ ಒತ್ತಕ್ಷರದ ಬಳಿ ನಿಂತಿರುವ ಹನ್ನೊಂದು ಮಕ್ಕಳಿದ್ದಾರೆ, ಇಗೋ ಅವರ ಹೆಸರುಗಳು, ಕಳೆದ ತಿಂಗಳು ನೀವು ಕರೆದೊಯ್ದ ಎಂಟು ದಿನಗಳಲ್ಲಿ ಇವರಲ್ಲಿ ಒಬ್ಬರನ್ನೂ ಓದಿಸಲಾಗಲಿಲ್ಲ’ ಎಂದು ಪುಸ್ತಕವನ್ನು ಮುಂದಿಟ್ಟ ಶಿಕ್ಷಕಿಗೆ ಉತ್ತರ ಕೊಡುವುದು ಯಾವ ಅಧಿಕಾರಿಗೂ ಕಷ್ಟ. ಶೇಕಡಾವಾರನ್ನು ತಿದ್ದಬಹುದು, ಹೆಸರುಗಳನ್ನು ತಿದ್ದಲಾಗದು.

ಅಧಿಕಾರಿಗಳಿಗೂ ಒಂದು ಮಾತು. ತರಬೇತಿಯನ್ನು ಗಂಟೆಗಳಲ್ಲಿ ಎಣಿಸುವ ಕಾಲವಿದು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಶಿಕ್ಷಕರಿಗೆ ವರ್ಷಕ್ಕೆ ಕನಿಷ್ಠ 50 ಗಂಟೆಗಳ ವೃತ್ತಿಪರ ಬೆಳವಣಿಗೆಯ ಅವಕಾಶವಿರಬೇಕೆಂದಿತು. ಐವತ್ತು ಗಂಟೆ ತುಂಬಿದ ಪ್ರಮಾಣಪತ್ರವನ್ನು ನೋಡುವ ಬದಲು, ಆ ಗಂಟೆಗಳಿಂದ ಯಾವ ಮಗುವಿನ ಪುಟದಲ್ಲಿ ಏನು ಬದಲಾಯಿತು ಎಂದು ಕೇಳಿ. ಶಾಲೆಗೆ ಹೋದಾಗ ಕಡತವನ್ನು ಕೊನೆಗೆ ನೋಡಿ. ಮೊದಲು ಒಂದು ಮಗುವನ್ನು ಪಕ್ಕಕ್ಕೆ ಕೂರಿಸಿಕೊಂಡು ಅದರ ಓದನ್ನು ಕೇಳಿ. ಶಾಲಾ ಇನ್ಸ್‌ಪೆಕ್ಟರರಾಗಿದ್ದ ಪಂಜೆ ಮಂಗೇಶರಾಯರು ಮಕ್ಕಳಿಗಾಗಿ ಹಾಡು ಕಥೆಗಳನ್ನು ಬರೆದ ನಾಡಿದು. ಇನ್ಸ್‌ಪೆಕ್ಟರಿಕೆಗೂ ಮಗುವಿನ ಓದಿಗೂ ಹಗೆಯಿರಬೇಕಾಗಿಲ್ಲ.

ಐದು, ಎಂಟನೆಯ ತರಗತಿಗಳಿಗೆ ಬೋರ್ಡ್ ಪರೀಕ್ಷೆ ಇರಬೇಕೇ ಎಂಬ ವಿವಾದ 2023 ಮತ್ತು 2024ರಲ್ಲಿ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಎರಡೂ ಕಡೆಯವರ ವಾದಗಳನ್ನು ಪತ್ರಿಕೆಗಳಲ್ಲಿ ಓದಿದೆ. ಐದನೆಯ ತರಗತಿಯ ಪ್ರಶ್ನೆಪತ್ರಿಕೆಯನ್ನು ಓದಲಾರದ ಮಗುವಿಗೆ ಆ ಪರೀಕ್ಷೆ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ ಎನ್ನುತ್ತೇವೆ; ಗಿಡಕ್ಕೆ ನೀರು ಹಾಕದೆ ಮರದ ಹಣ್ಣನ್ನು ಎಣಿಸುವ ನಮ್ಮ ಜಾಣತನಕ್ಕೆ ಯಾವ ಗಾದೆ ಹೇಳೋಣ?

ಈ ಪುಟಗಳನ್ನು ಓದುವ ಕಿರಿಯ ಶಿಕ್ಷಕ ಬಂಧುಗಳೇ, ನಿಮ್ಮ ಕ್ರಿಯಾಯೋಜನೆಯನ್ನು ಇಲಾಖೆ ಕೇಳಿದಂತೆ ಬರೆದುಕೊಡಿ. ಅದಕ್ಕೆ ನನ್ನ ಅಡ್ಡಿಯಿಲ್ಲ. ಅದರ ಪಕ್ಕದಲ್ಲಿ ಇನ್ನೊಂದು ಪುಸ್ತಕವಿರಲಿ. ನಾಳೆ ಬೆಳಿಗ್ಗೆ ಹಾಜರಿ ಕೂಗುವಾಗ ಪ್ರತಿ ಹೆಸರಿನ ಬಳಿಯೂ ಒಂದು ಕ್ಷಣ ನಿಂತು, ಈ ಮಗು ಎಲ್ಲಿಯವರೆಗೆ ಓದುತ್ತದೆ ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಉತ್ತರ ಹೊಳೆಯದ ಹೆಸರುಗಳನ್ನು ಗುರುತು ಹಾಕಿಕೊಳ್ಳಿ. ನಿಮ್ಮ ಈ ವರ್ಷದ ಗುರಿಗಳು ಆ ಹೆಸರುಗಳೇ.